ಹುಟ್ಟಿದ ವರ್ಷ ಯಾವುದು?

ನಮ್ಮ ತಲೆಮಾರಿನ ಹಳ್ಳಿಗರ ಜನ್ಮದಿನಾಂಕಗಳನ್ನು ಸಾಲಾಗಿ ಬರೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಜೂನ್ ಒಂದರಂದೇ ಹುಟ್ಟಿದವರು! ‘ಸುಗ್ಗಿಯ ಕಾಲದಲ್ಲಿ’ ಎಂದೋ ‘ಹೊಳೆ ತುಂಬಿ ಬಂದ ವರ್ಷ’ ಎಂದೋ ತಾಯಿ ನೆನಪಿಟ್ಟುಕೊಂಡ ದಿನವನ್ನು ಶಾಲೆಯ ದಾಖಲಾತಿ ಪುಸ್ತಕ ಒಪ್ಪುತ್ತಿರಲಿಲ್ಲ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತೆಂದು ಅರ್ಥ. ಶಾಲೆ ತೆರೆಯುವ ತಿಂಗಳಿಗೆ ಲೆಕ್ಕ ಸರಿಹೊಂದಲೆಂದು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನನ್ನ ಜನ್ಮದಿನಾಂಕವೂ ಅದೇ. ಆ ಬರಹದಲ್ಲಿ ಕಪಟವಿರಲಿಲ್ಲ. ಮಗುವಿಗೆ ಒಂದು ಬಾಗಿಲು ತೆರೆಯಲಿ ಎಂಬ ಹಂಬಲವಿತ್ತು.

ಇಂದಿನ ಮಕ್ಕಳು ಮತ್ತೊಂದು ಬಾಗಿಲಿನ ಮುಂದೆ ನಿಂತಿದ್ದಾರೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮುಂತಾದ ಸಾಮಾಜಿಕ ಜಾಲತಾಣಗಳು ಖಾತೆ ತೆರೆಯುವವರನ್ನು ಮೊದಲು ಕೇಳುವುದು ಹುಟ್ಟಿದ ವರ್ಷವನ್ನು. ಹನ್ನೊಂದು ವರ್ಷದ ಹುಡುಗ ಬೆರಳನ್ನು ಒಮ್ಮೆ ಜಾರಿಸಿ ಹತ್ತು ವರ್ಷ ಹಿಂದಕ್ಕೆ ಹೋಗುತ್ತಾನೆ. ಅಷ್ಟಕ್ಕೇ ಬಾಗಿಲು ತೆರೆಯುತ್ತದೆ. ಕಿವಿ ಮುಟ್ಟಿಸಿ ನೋಡುವ ಮೇಷ್ಟ್ರು ಅಲ್ಲಿ ಇಲ್ಲ. ಎಷ್ಟೋ ಮನೆಗಳಲ್ಲಿ ಆ ವರ್ಷವನ್ನು ಒತ್ತಿಕೊಡುವವರು ಅಣ್ಣಂದಿರು, ಚಿಕ್ಕಪ್ಪಂದಿರು, ಕೆಲವೊಮ್ಮೆ ತಂದೆಯೇ.

ಈ ತಾಣಗಳು ಸಾಮಾನ್ಯವಾಗಿ ಹೇಳಿಕೊಳ್ಳುವ ಕನಿಷ್ಠ ವಯಸ್ಸು 13. ಈ ಅಂಕಿ ಮಗುವಿನ ಮನಸ್ಸು ಯಾವಾಗ ಮಾಗುತ್ತದೆ ಎಂಬ ವಿಚಾರದಿಂದ ಬಂದುದೆಂದು ಹಲವರು ನಂಬಿದ್ದಾರೆ. ಹಾಗೇನೂ ಇಲ್ಲ. ಅಮೆರಿಕದಲ್ಲಿ 1998ರಲ್ಲಿ ಆದ ಕಾನೂನೊಂದು, 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು ವಿಧಿಸಿತು. ಒಪ್ಪಿಗೆ ಪಡೆಯುವ ತೊಡಕು ಬೇಡವೆಂದು ಕಂಪನಿಗಳು 13ಕ್ಕೆ ಗೆರೆ ಎಳೆದುಕೊಂಡವು. ಆಗ ಫೇಸ್‌ಬುಕ್ ಹುಟ್ಟಿಯೇ ಇರಲಿಲ್ಲ. ಅಂಗಡಿಯವನು ತನ್ನ ಅನುಕೂಲಕ್ಕೆ ಎಳೆದುಕೊಂಡ ಗೆರೆಯನ್ನೇ ನಾವು ಮಕ್ಕಳ ರಕ್ಷಣೆಯ ಗೆರೆಯೆಂದು ತಿಳಿದು ಇಷ್ಟು ವರ್ಷ ನಿಶ್ಚಿಂತರಾಗಿದ್ದೆವು.

ಈಗ ಆ ನಿಶ್ಚಿಂತೆ ಕದಡಿದೆ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಪ್ರಕರಣವೊಂದರ ವಿಚಾರಣೆಯ ನಡುವೆ, ಶಾಲಾ ಮಕ್ಕಳು ಈ ಜಾಲತಾಣಗಳಿಗೆ ದಾಸರಾಗುತ್ತಿದ್ದಾರೆಂದು ಕಳವಳ ವ್ಯಕ್ತಪಡಿಸಿತು. ಮದ್ಯಕ್ಕೆ ಇರುವಂತೆ ಇದಕ್ಕೂ ವಯಸ್ಸಿನ ಮಿತಿ ಇರುವುದು ಒಳ್ಳೆಯದೆಂದು ಮೌಖಿಕವಾಗಿ ಹೇಳಿತು. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆಯಿತು. ನಮ್ಮ ದೇಶದಲ್ಲಿಯೂ ಅಂಥ ಮಿತಿ ಬೇಕೆಂಬ ಮಾತು ಬಲಗೊಳ್ಳುತ್ತಿದೆ. ಮಿತಿ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಮಿತಿಯ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಯೋಚಿಸಬೇಕಾಗಿದೆ.

ಹರಿಹರ ತಾಲ್ಲೂಕಿನ ನಮ್ಮ ಸಾರಥಿಯಂಥ ಊರಿಗೆ ಈ ಫೋನು ಹೇಗೆ ಬಂದಿತೆಂಬುದನ್ನು ನೆನೆಯೋಣ. 2020ರಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದವು. ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ಗುಡಿಯ ಕಟ್ಟೆಗೂ ಮರದ ನೆರಳಿಗೂ ಬಂದು ಪಾಠ ಹೇಳಿದ್ದುಂಟು. ಆದರೂ ‘ಆನ್‌ಲೈನ್ ಪಾಠ’ ಎಂಬ ಮಾತು ಮನೆಮನೆಗೂ ನುಗ್ಗಿತು. ಭತ್ತ ಮಾರಿದ ಹಣದಲ್ಲಿ, ಸಂಘದ ಸಾಲದಲ್ಲಿ ತಂದೆತಾಯಿಗಳು ಫೋನು ತಂದರು. ಅಂದರೆ, ನಮ್ಮ ಮಕ್ಕಳು ಫೋನನ್ನು ಕದ್ದು ಹಿಡಿದವರಲ್ಲ. ಪುಸ್ತಕ ಕೊಟ್ಟಂತೆ ನಾವೇ ಅದನ್ನು ಅವರ ಕೈಗೆ ಕೊಟ್ಟೆವು. ಶಾಲೆಗಳು ತೆರೆದವು, ಫೋನು ಮನೆಯಲ್ಲಿಯೇ ಉಳಿಯಿತು. ಅದೇ 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಆರಂಭಿಸಿತು. ಒಂದು ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿಯಲ್ಲಿ ವ್ಯಾಪಾರ ಹೆಚ್ಚಾಗುವುದನ್ನು ಆಗಲೇ ಕಂಡೆವು.

ನನ್ನ ನೆರೆಮನೆಯಲ್ಲಿ ಇಬ್ಬರು ಮಕ್ಕಳು. ಅಕ್ಕ ಹತ್ತನೆಯ ತರಗತಿಯಲ್ಲಿದ್ದಾಗ ತಮ್ಮನಿಗೆ ಹದಿಮೂರು. ಶಾಲೆಯ ವಾರ್ಷಿಕೋತ್ಸವದಲ್ಲಿ ಗೆಳತಿಯರೊಡನೆ ತೆಗೆಸಿಕೊಂಡ ಚಿತ್ರವನ್ನು ಹುಡುಗಿ ತನ್ನ ಖಾತೆಯಲ್ಲಿ ಹಾಕಿದ್ದಳು. ಯಾರೋ ಅಪರಿಚಿತ ಅದರ ಕೆಳಗೆ ಹಗುರವಾದ ಮಾತು ಬರೆದ. ಅದು ತಂದೆಯ ಕಿವಿಗೆ ಬಿದ್ದುದೇ ತಡ, ಹುಡುಗಿಯ ಕೈಯಿಂದ ಫೋನು ಹೋಯಿತು. ತಮ್ಮನ ಖಾತೆ ಮಾತ್ರ ಹಾಗೆಯೇ ಇತ್ತು; ಅದರ ಪ್ರಕಾರ ಅವನಿಗೆ ಆಗಲೇ ಇಪ್ಪತ್ತೆರಡು ವರ್ಷ! “ಗಂಡುಮಗ, ನೋಡ್ಕೊಳ್ಳಲಿ ಬಿಡು ಅಂತಾರೆ ಮೇಷ್ಟ್ರೆ” ಎಂದು ತಾಯಿ ನನ್ನೆದುರು ನೊಂದುಕೊಂಡಳು. ಸಂಗತಿ ಅಲ್ಲಿಗೇ ನಿಲ್ಲಲಿಲ್ಲ. ಪರೀಕ್ಷೆ ಮುಗಿದೊಡನೆ ಹುಡುಗಿಗೆ ಗಂಡು ನೋಡಿಬಿಡೋಣವೆಂದು ಅಜ್ಜಿ ಮಾತೆತ್ತಿದರು. ಒಂದು ವಯಸ್ಸಿನ ಮಿತಿಯನ್ನು ಕಾಯುವ ನೆಪದಲ್ಲಿ ಆ ಮನೆ ಮತ್ತೊಂದು ವಯಸ್ಸಿನ ಮಿತಿಯನ್ನು ಮುರಿಯಲು ಹೊರಟಿತ್ತು.

ಆ ದಿನಗಳಲ್ಲಿ ಹುಡುಗಿ ಗಣಿತ ಹೇಳಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದಳು. ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಸುದ್ದಿ ನೋಡಿ, “ಸರ್, ಇಂಥ ಕಾನೂನು ನಮ್ಮಲ್ಲಿ ಬಂದರೆ ನನ್ನ ತಮ್ಮನಿಗೂ ಬರುತ್ತದೆಯೇ?” ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಷ್ಟು ನೇರವಾದ ಪ್ರಶ್ನೆ ವಿರಳವಾಗಿ ಎದುರಾಗಿದೆ. ಕಾನೂನಿನ ಪುಸ್ತಕದಲ್ಲಿ ಹದಿನಾರು ಎಂದರೆ ಇಬ್ಬರಿಗೂ ಹದಿನಾರೇ. ನಮ್ಮ ಮನೆಗಳಲ್ಲಿ ಹುಡುಗಿಯ ಮಿತಿ ಬೇಗ ಆರಂಭವಾಗುತ್ತದೆ, ಕೊನೆಯಾಗುವುದೇ ಇಲ್ಲ. ಹುಡುಗನಿಗೆ ಮಿತಿಯೆಂಬುದು ಆರಂಭವಾಗುವುದೇ ಅಪರೂಪ.

ತಂದೆತಾಯಿಯರ ಒಪ್ಪಿಗೆಯೇ ಪರಿಹಾರವೆನ್ನುವವರೂ ಇದ್ದಾರೆ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿತ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಚಲನವಲನದ ಬೆನ್ನು ಹತ್ತುವುದನ್ನೂ ಅವರನ್ನೇ ಗುರಿಯಾಗಿಟ್ಟ ಜಾಹೀರಾತನ್ನೂ ನಿರ್ಬಂಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು. ಉದ್ದೇಶ ಒಳ್ಳೆಯದು. ಆದರೆ ನೆರೆಮನೆಯ ಆ ತಾಯಿಗೆ ಬ್ಯಾಂಕಿನ ಸಂದೇಶವನ್ನು ಓದಿ ಹೇಳುವವಳು ಮಗಳೇ. “ನಂಗೆಲ್ಲಿ ಓದಾಕೆ ಬರುತ್ತೆ ಮೇಷ್ಟ್ರೆ? ಅವಳು ಎಲ್ಲಿ ಒತ್ತು ಅಂತಾಳೋ ಅಲ್ಲಿ ಒತ್ತುತೀನಿ” ಎನ್ನುತ್ತಾಳೆ ಆಕೆ. ಅಂಥ ಮನೆಯಲ್ಲಿ ಒಪ್ಪಿಗೆ ಕೊಡುವವರು ಯಾರು, ಪಡೆಯುವವರು ಯಾರು?

ಆದುದರಿಂದ ಮೊದಲ ಹೊಣೆಯನ್ನು ಹೊರಬೇಕಾದವರು ಆ ವಸ್ತುವನ್ನು ಮಾಡಿ ಮಾರುವವರು. ಆಸ್ಟ್ರೇಲಿಯಾದ ಕಾನೂನಿನಲ್ಲಿ ನನಗೆ ಮೆಚ್ಚುಗೆಯಾದುದು ಹದಿನಾರು ಎಂಬ ಅಂಕಿಯಲ್ಲ. ಅಲ್ಲಿ ದಂಡ ಬೀಳುವುದು ಮಗುವಿಗೂ ಅಲ್ಲ, ತಂದೆತಾಯಿಗೂ ಅಲ್ಲ. ತಡೆಯಲು ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರುಗಳವರೆಗೆ. ಮುಗಿಯದೆ ಉರುಳುವ ಪುಟ, ಒಂದು ಮುಗಿಯುವ ಮುನ್ನವೇ ಹಾಜರಾಗುವ ಮತ್ತೊಂದು ವಿಡಿಯೋ, ಮೆಚ್ಚುಗೆಗಳ ಲೆಕ್ಕ, ಇವೆಲ್ಲ ಆಕಸ್ಮಿಕವಲ್ಲ. ನೋಡುವವರು ಎದ್ದುಹೋಗದಿರಲೆಂದು ಬುದ್ಧಿವಂತರು ಕುಳಿತು ಹೆಣೆದವು. ಬೆಂಗಳೂರಿನ ನಿಮ್ಹಾನ್ಸ್ 2014ರಷ್ಟು ಹಿಂದೆಯೇ ಇಂಥ ಗೀಳಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಯಿತು. ದೊಡ್ಡವರೇ ಸೋಲುವ ಬಲೆಯಲ್ಲಿ ಸಿಲುಕಿದ ಮಗುವನ್ನು ‘ನಿನಗೆ ಸಂಯಮವಿಲ್ಲ’ ಎಂದು ಬಯ್ಯುವುದು ನ್ಯಾಯವಲ್ಲ. 2025ರಲ್ಲಿ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿಯೂ ಹದಿಹರೆಯದವರಿಗೆ ಹೆಚ್ಚು ಬಿಗಿಯಾದ ಖಾತೆಗಳನ್ನು ತಂದಿತು. ಸುಳ್ಳು ವರ್ಷ ಬರೆದು ಒಳಹೊಕ್ಕ ಮಗುವಿಗೆ ಆ ಬಿಗಿಯ ಕಾವಲು ದೊರೆಯುವುದು ಕಷ್ಟ. ಇಪ್ಪತ್ತೆರಡು ವರ್ಷದವನೆಂದು ಹೇಳಿಕೊಂಡ ಹದಿಮೂರರ ಹುಡುಗನಿಗೆ ಇಪ್ಪತ್ತೆರಡರವನಿಗೆ ಉಣಬಡಿಸುವುದನ್ನೇ ಉಣಬಡಿಸಲಾಗುತ್ತದೆ.

ಕಂಪನಿಯ ಹೊಣೆ ಮೊದಲನೆಯದೆಂದರೆ ಮನೆಯ ಹೊಣೆ ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಅಪ್ರಾಪ್ತ ಮಗು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೋ ವಾಹನದ ಒಡೆಯರಿಗೋ 25,000 ರೂಪಾಯಿ ದಂಡವಿದೆ, ಮೂರು ವರ್ಷದವರೆಗೆ ಸೆರೆಯೂ ಇದೆ. ಬೈಕಿನ ಕೀಲಿಯನ್ನು ಬಚ್ಚಿಡುವ ತಂದೆ ಫೋನಿನ ಕೀಲಿಯನ್ನು ಮಗನಿಗೇ ಹೇಳಿಕೊಟ್ಟಿರುತ್ತಾನೆ. ತಾನೂ ಊಟದ ತಟ್ಟೆಯ ಮುಂದೆ ಅದನ್ನೇ ನೋಡುತ್ತಿರುತ್ತಾನೆ.

ನೆರೆಮನೆಯ ತಂದೆಯೊಡನೆ ನಾನು ಎರಡು ಸಂಜೆ ಕುಳಿತು ಮಾತನಾಡಿದೆ. ಹದಿನೆಂಟಕ್ಕೆ ಮುಂಚೆ ಮದುವೆ ಅಪರಾಧವೆಂದಷ್ಟೇ ಹೇಳಲಿಲ್ಲ. ಹಗುರವಾದ ಮಾತು ಬರೆದವನು ಯಾರೋ, ಶಿಕ್ಷೆ ಮಾತ್ರ ನಿಮ್ಮ ಮಗಳಿಗೇಕೆ ಎಂದೂ ಕೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದರು. ಕೆಲವು ದಿನಗಳ ಮೇಲೆ ಫೋನಿಗೆ ಪಡಸಾಲೆಯ ಗೂಡಿನಲ್ಲಿ ಜಾಗವಾಯಿತು. ರಾತ್ರಿ ಒಂಬತ್ತರ ಮೇಲೆ ಅದು ಯಾರ ಕೈಗೂ ಇಲ್ಲ, ತಂದೆಯ ಕೈಗೂ ಇಲ್ಲ. ಹುಡುಗ ಮುನಿಸಿಕೊಂಡ, ಈಗಲೂ ಆಗಾಗ ನಿಯಮ ಮುರಿಯುತ್ತಾನಂತೆ. ಹುಡುಗಿ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಪಿಯುಸಿ ಓದುತ್ತಿದ್ದಾಳೆ.

ಗೆರೆ ಎಳೆದ ಮೇಲೆ ಗೆರೆಯ ಈಚೆಗೆ ಉಳಿದ ಮಗುವಿಗೆ ಏನು ಕೊಡುತ್ತೇವೆ ಎಂಬುದನ್ನೂ ಹೇಳಬೇಕಲ್ಲವೇ? 2020ರಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಅದೂ ವಯಸ್ಸಿನ ಗೆರೆಯೇ. ಆದರೆ ಒಳಗೆ ಬಾ ಎಂದು ಕರೆಯುವ ಗೆರೆ. ಆಟದ ಬಯಲು, ಹೊಳೆಯ ದಡ, ಅಜ್ಜಿಯ ಕಥೆ, ಮಾತು ಕೇಳುವ ಹಿರಿಯರು, ಇವು ಯಾವುವೂ ಇಲ್ಲದ ಸಂಜೆಯಲ್ಲಿ ಫೋನನ್ನು ಮಾತ್ರ ಕಸಿದುಕೊಂಡರೆ ಮಗುವಿನ ಕೈಯಲ್ಲಿ ಉಳಿಯುವುದು ಬರಿಯ ಬೇಸರ.

ನಮ್ಮ ಊರಿನ ಹೆಸರು ಸಾರಥಿ. ಸಾರಥಿಯಾದವನು ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ ತಾನು ಕೆಳಗಿಳಿದು ಹೋಗುವುದಿಲ್ಲ. ಕಡಿವಾಣ ಹಿಡಿದು ರಥದ ಮೇಲೆಯೇ ಕುಳಿತಿರುತ್ತಾನೆ. ಸರ್ಕಾರ ಗೆರೆಯನ್ನು ಎಳೆಯಲಿ, ಕಂಪನಿ ಅದಕ್ಕೆ ಬದ್ಧವಾಗಲಿ. ಆದರೆ ಮಗ, ಮಗಳು ಇಬ್ಬರಿಗೂ ಒಂದೇ ಅಳತೆಯಲ್ಲಿ ಆ ಗೆರೆಯನ್ನು ಕಾಯುವ ಕೆಲಸ, ತಾವೂ ಅದಕ್ಕೆ ತಲೆಬಾಗಿ ನಡೆಯುವ ಕೆಲಸ, ಮನೆಯ ಹಿರಿಯರದೇ. ಇಂದಿನ ಸಂಜೆಯಿಂದ ಅದನ್ನು ಆರಂಭಿಸಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ.