ಇಪ್ಪತ್ತಾರೋ, ಮೂವತ್ತನಾಲ್ಕೋ

ಕಳೆದ ದೀಪಾವಳಿಯಿಂದ ಹೋಳಿಯವರೆಗೆ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಚರ್ಚೆ: ಇಪ್ಪತ್ತಾರೋ, ಮೂವತ್ತನಾಲ್ಕೋ. ಫೋನಿನಲ್ಲಿ ಅರ್ಧ ಕೇಳಿಸಿಕೊಂಡ ನೆಂಟರೊಬ್ಬರು ಇದು ಯಾರದೋ ಮದುವೆಯ ಮಾತುಕತೆ ಅಂತ ತಿಳಿದು, 'ಮೂವತ್ತನಾಲ್ಕು ಅಂದ್ರೆ ಸ್ವಲ್ಪ ಹೆಚ್ಚಾಯ್ತಲ್ಲ' ಅಂದರಂತೆ. ಅದು ವಯಸ್ಸಿನ ಲೆಕ್ಕವಲ್ಲ, ಅಡಿಯ ಲೆಕ್ಕ. ನನ್ನ ಚಿಕ್ಕಪ್ಪನಿಗೆ ಒಂದು ಹಾಯಿದೋಣಿ ಬೇಕಾಗಿತ್ತು. ಹೊಸದು ನಮ್ಮಂಥವರ ಕೈಗೆ ಎಟುಕುವ ವಸ್ತುವಲ್ಲ, ಆದ್ದರಿಂದ ಯಾರೋ ಬಳಸಿ ಬಿಟ್ಟದ್ದು. ಪಂದ್ಯಕ್ಕೆ ಹೋಗುವ ದೋಣಿ ಬೇಡ. ಒಳಗೆ ಮಲಗಿ, ಗಂಜಿ ಬೇಯಿಸಿಕೊಂಡು, ನಾಲ್ಕಾರು ದಿನ ಕರಾವಳಿಯ ಗುಂಟ ಹೋಗಲು ಬರುವಂಥದ್ದು ಸಾಕು.

ಚಿಕ್ಕಪ್ಪ ಗಂಗೊಳ್ಳಿಯವರು. ಮೂವತ್ತಾರು ವರ್ಷ ಹಡಗುಗಳ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಚೆಂಬೂರಿನ ಫ್ಲಾಟಿಗೆ ಬಂದು ಕೂತವರು. 'ಅಷ್ಟು ವರ್ಷ ಸಮುದ್ರದ ಮೇಲೆ ಇದ್ದೆ ಮಾರಾಯ, ಸಮುದ್ರ ನೋಡಿದ್ದು ಕಡಿಮೆ' ಅನ್ನುತ್ತಾರೆ. ಇಂಜಿನ್ ರೂಮು ನೀರಿನ ಮಟ್ಟಕ್ಕಿಂತ ಕೆಳಗೆ ಇರುತ್ತದಲ್ಲ. ಹಾಗಾಗಿ ಅವರ ಆಸೆ ಒಂದೇ: ಮುಂಬಯಿಯಿಂದ ಗಂಗೊಳ್ಳಿಗೆ ಇಂಜಿನಿನ ಸದ್ದಿಲ್ಲದೆ, ಗಾಳಿಯಲ್ಲೇ ಹೋಗಬೇಕು. ಅದಕ್ಕಾಗಿ ಮೂರು ಚಳಿಗಾಲ ಭಾನುವಾರಗಳಲ್ಲಿ ಒಂದು ಕ್ಲಬ್ಬಿನ ಪುಟ್ಟ ದೋಣಿಗಳಲ್ಲಿ ಹಾಯಿ ಕಲಿತರು. ಜೊತೆಗೆ ನಾನೂ ಕಲಿತೆ. ಹಾಸ್ಟೆಲ್ ಸಿಗದೆ ಅವರ ಮನೆಯಲ್ಲಿ ಇರುವವನು, ಬೇರೆ ದಾರಿ ಇರಲಿಲ್ಲ ಅಂತಲೂ ಹೇಳಬಹುದು.

ಮಾರಾಟಕ್ಕೆ ಎರಡು ಸಿಕ್ಕವು. ಒಂದು ರೇವದಂಡಾ ಹತ್ತಿರದ ಖಾಡಿಯಲ್ಲಿ, ಕೆಸರಿನ ಮೇಲೆ ನಿಂತದ್ದು. ವೆಸ್ಟರ್ಲಿ ಸೆಂಟಾರ್ ಅಂತ, 26 ಅಡಿ, ಇಂಗ್ಲೆಂಡಿನ ಫೈಬರ್ ಗ್ಲಾಸ್ ದೋಣಿ. 1969ರಿಂದ 1980ರವರೆಗೆ ಇಂಥವನ್ನು ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದರು. ಇದರ ಕೆಳಗೆ ಒಂದು ಕೀಲ್ ಬದಲು ಅಕ್ಕಪಕ್ಕ ಎರಡು ಗಿಡ್ಡ ಕೀಲ್. ನೀರು ಇಳಿದರೆ ಮಗುಚದೆ ಎಮ್ಮೆ ನಿಂತ ಹಾಗೆ ನಿಂತುಕೊಳ್ಳುತ್ತದೆ. ನೀರಿನಡಿ ಮುಳುಗುವುದು ಬರೀ ಮೂರು ಅಡಿ. ನೋಡಲು ಚಂದವೇನೂ ಇಲ್ಲ. ಬ್ರೆಡ್ಡಿನ ಡಬ್ಬಿ ಮೇಲೆ ಕೂವೆ ನೆಟ್ಟಂತೆ.

ಇನ್ನೊಂದು ಗೇಟ್‌ವೇ ಎದುರಿನ ಲಂಗರಿನಲ್ಲಿ ತೇಲುತ್ತಿದ್ದದ್ದು. 34 ಅಡಿ, ಬಿಳಿ ಮೈ, ತೇಗದ ಪಟ್ಟಿಯ ಡೆಕ್. ಒಳಗೆ ಎರಡು ಬಾಗಿಲಿನ ಕೋಣೆ, ಒಲೆಯಿರುವ ಅಡುಗೆಕಟ್ಟೆ, ನಿಂತು ಸ್ನಾನ ಮಾಡುವಷ್ಟು ಜಾಗ. ಚಿಕ್ಕಪ್ಪ ಅದರ ಮೆಟ್ಟಿಲು ಇಳಿದು ನಡುವೆ ನಿಂತು ಎರಡೂ ಕೈ ಚಾಚಿದರು. ಆ ಮುಖ ನೋಡಿ, ಇವರು ಇದನ್ನೇ ಕೊಳ್ಳುತ್ತಾರೆ ಅಂತ ನನಗೆ ಅನ್ನಿಸಿಬಿಟ್ಟಿತು.

ಎಂಟು ಅಡಿ ವ್ಯತ್ಯಾಸ ಅಂದರೆ ಕೇಳಲು ಏನೂ ಇಲ್ಲ, ನಮ್ಮ ಹಾಲಿನ ಅರ್ಧ. ಆದರೆ ದೋಣಿ ಉದ್ದಕ್ಕಷ್ಟೇ ಬೆಳೆಯುವುದಿಲ್ಲ. ಅಗಲಕ್ಕೂ ಆಳಕ್ಕೂ ಬೆಳೆಯುತ್ತದೆ. ಒಂದೇ ಆಕಾರದ ದೋಣಿಯನ್ನು 26ರಿಂದ 34ಕ್ಕೆ ಹಿಗ್ಗಿಸಿದರೆ ಉದ್ದ ಶೇಕಡ 30ರಷ್ಟು ಹೆಚ್ಚು, ಬಣ್ಣ ಬಳಿಯಬೇಕಾದ ಮೈಯೂ ಹಾಯಿಯ ಬಟ್ಟೆಯೂ ಶೇಕಡ 70ರಷ್ಟು ಹೆಚ್ಚು, ಭಾರ ಎರಡು ಪಟ್ಟಿಗೂ ಮೇಲೆ. ಇದು ಹೈಸ್ಕೂಲಿನ ವರ್ಗ, ಘನದ ಲೆಕ್ಕ. ಬೋರ್ಡಿನ ಮೇಲೆ ಅರ್ಥವಾಗದ್ದು ಇಲ್ಲಿ ಅರ್ಥವಾಯಿತು. ನಮ್ಮವು ಒಂದೇ ಆಕಾರದವಲ್ಲ, ಆದರೂ ಚಿಕ್ಕದು ಸುಮಾರು ಮೂರು ಟನ್, ದೊಡ್ಡದು ಆರರ ಹತ್ತಿರ. ದೋಣಿಯಲ್ಲಿ ಮನುಷ್ಯನ ತೋಳಿಗೆ ತಗಲುವ ಪ್ರತಿಯೊಂದೂ, ಹಗ್ಗ, ಹಾಯಿ, ಲಂಗರು ಎಲ್ಲ, ಈ ಟನ್ನಿನ ಹಿಂದೆ ಹೋಗುತ್ತದೆ, ಅಡಿಯ ಹಿಂದೆ ಅಲ್ಲ. ಲಂಗರಿನ ಸರಪಳಿಯನ್ನೇ ನೋಡಿ: 8 ಮಿಲಿಮೀಟರಿನದು ಮೀಟರಿಗೆ ಒಂದೂವರೆ ಕಿಲೋಗಿಂತ ಸ್ವಲ್ಪ ಕಡಿಮೆ. ದೊಡ್ಡ ದೋಣಿಯಲ್ಲಿದ್ದದ್ದು 10 ಮಿಲಿಮೀಟರಿನದು, ಮೀಟರಿಗೆ ಎರಡು ಕಿಲೋ ದಾಟುತ್ತದೆ. ಐವತ್ತು ಮೀಟರ್ ಬಿಟ್ಟಿದ್ದರೆ ಎಷ್ಟಾಯಿತು? ಎತ್ತಲು ವಿದ್ಯುತ್ ಯಂತ್ರ ಇದೆ ಅಂದರು ಮಾಲೀಕರು. 'ಕೆಡುವ ವಸ್ತು' ಅಂದರು ಚಿಕ್ಕಪ್ಪ. ಯಂತ್ರಗಳ ನಡುವೆ ಜೀವಮಾನ ಕಳೆದವರಿಗೆ ಯಂತ್ರದ ಮೇಲೆ ಇರುವ ಅನುಮಾನ ಬೇರೆಯವರಿಗೆ ಇರುವುದಿಲ್ಲ.

ಹಳೆಯ ದೋಣಿ ಪರೀಕ್ಷಿಸುವ ಸರ್ವೇಯರ್ ಒಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ. ಹಲಸಿನಹಣ್ಣು ಬಡಿದು ನೋಡುವ ಹಾಗೆ ಡೆಕ್ ಉದ್ದಕ್ಕೂ ಬಡಿಯುತ್ತ ಹೋದರು. ಟಣ್, ಟಣ್, ಟಣ್, ಆಮೇಲೆ ಕೂವೆಯ ತಂತಿಗಳನ್ನು ಬಿಗಿದ ಜಾಗದ ಸುತ್ತ: ಡಬ್. ಎರಡು ಫೈಬರ್ ಪದರಗಳ ನಡುವೆ ಹಗುರಾದ ಬಾಲ್ಸಾ ಮರ ತುಂಬಿರುತ್ತಾರೆ. ಸ್ಕ್ರೂ ತೂತಿನಿಂದ ವರ್ಷಗಟ್ಟಲೆ ನೀರು ಇಳಿದರೆ ಆ ಮರ ನೆಂದ ರಸ್ಕಿನಂತಾಗುತ್ತದೆ. ಮೂವತ್ತನಾಲ್ಕು ಅಡಿಯದರಲ್ಲಿ ಅಂಥ 'ಡಬ್' ಮೂರು ಕಡೆ. ಸರಿಮಾಡಬಹುದು, ದುಡ್ಡು ಸುರಿಯಬೇಕು. ಇಪ್ಪತ್ತಾರರಲ್ಲಿ ಡೆಕ್ ಗಟ್ಟಿ, ಆದರೆ ಹಾಯಿಗಳು ಹಳೇ ಬೆಡ್‌ಶೀಟ್ ಆಗಿದ್ದವು, ತಂತಿಗಳನ್ನೂ ಬದಲಿಸಬೇಕಿತ್ತು. ದೊಡ್ಡದಕ್ಕೆ ಕೇಳಿದ ಬೆಲೆ ಚಿಕ್ಕದರ ಎರಡೂವರೆ ಪಟ್ಟು. ಬೆಲೆ ಒಂದು ಸಲ ಕೊಡುವುದು. ಹಳೇ ದೋಣಿ ಆಮೇಲೂ ತಿನ್ನುತ್ತ ಇರುತ್ತದೆ, ಅದೂ ತನ್ನ ತೂಕಕ್ಕೆ ತಕ್ಕಂತೆ. ಮುಂಬಯಿಯಲ್ಲಿ ಜೂನ್ ಬಂತೆಂದರೆ ಹಾಯಿದೋಣಿಗಳನ್ನು ನೀರಿನಿಂದ ಎತ್ತಿ ದಡದಲ್ಲಿ ಇಡಬೇಕು, ಮಳೆಗಾಲ ಮುಗಿದ ಮೇಲೆ ಮತ್ತೆ ಇಳಿಸಬೇಕು. ದೊಡ್ಡದಕ್ಕೆ ಎರಡು ಸಲವೂ ಕ್ರೇನ್. ಚಿಕ್ಕದನ್ನು ಹುಣ್ಣಿಮೆಯ ಉಬ್ಬರದಲ್ಲಿ ಖಾಡಿಯ ಒಳತನಕ ತಂದು ಬಿಟ್ಟರೆ ನೀರೇ ಅದನ್ನು ನೆಲದ ಮೇಲೆ ಇಟ್ಟು ಹೋಗುತ್ತದೆ.

ನ್ಯಾಯವಾಗಿ ಹೇಳುವುದಾದರೆ ದೊಡ್ಡದರ ಪರವಾದ ಮಾತುಗಳೂ ಗಟ್ಟಿಯಾಗಿದ್ದವು. ದೋಣಿಯ ವೇಗಕ್ಕೆ ಅದು ನೀರಿನಲ್ಲಿ ಊರುವ ಉದ್ದವೇ ಮಿತಿ: ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್. ಚಿಕ್ಕದಕ್ಕೆ 6.2, ದೊಡ್ಡದಕ್ಕೆ 7.1. ಇದು ಮೇಲ್ಮಿತಿ, ದಿನವಿಡೀ ಸರಾಸರಿ ಸಿಗುವುದು ನಾಲ್ಕೂವರೆ, ಐದೂಕಾಲು. ಮುಂಬಯಿಯಿಂದ ಗಂಗೊಳ್ಳಿಗೆ ಸುಮಾರು 340 ನಾಟಿಕಲ್ ಮೈಲಿ. ಒಂದರಲ್ಲಿ 75 ಗಂಟೆ, ಇನ್ನೊಂದರಲ್ಲಿ 65. ಮೂರು ಹಗಲು ಮೂರು ರಾತ್ರಿಯ ದಾರಿಯಲ್ಲಿ ಹತ್ತು ಗಂಟೆ ಉಳಿದರೆ ನಿವೃತ್ತ ಮನುಷ್ಯ ಅದನ್ನು ಏನು ಮಾಡುತ್ತಾನೆ ಅಂತ ಚಿಕ್ಕಮ್ಮ ಕೇಳಿದರು. ಅದು ಬೇರೆ ಮಾತು. ನಿಜವಾದ ತೊಡಕು ವಾಪಸು ಬರುವಾಗ. ನಮ್ಮ ಕರಾವಳಿಯಲ್ಲಿ ನವೆಂಬರಿನಿಂದ ಮೇವರೆಗೆ ಮಧ್ಯಾಹ್ನದ ಗಾಳಿ ಬೀಸುವುದು ಹೆಚ್ಚಾಗಿ ವಾಯವ್ಯದಿಂದ. ಗಂಗೊಳ್ಳಿಗೆ ಇಳಿಯುವಾಗ ಬೆನ್ನಿಗೆ, ಮುಂಬಯಿಗೆ ಏರುವಾಗ ಮುಖಕ್ಕೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು, ಅಡ್ಡಡ್ಡ ಹೊಲಿಗೆ ಹಾಕುತ್ತ ಹೋಗಬೇಕು; ನೂರು ಮೈಲಿಯ ದಾರಿ ನೂರನಲವತ್ತು ಆಗುತ್ತದೆ. ಗಿಡ್ಡ ಜೋಡಿ ಕೀಲಿನ ದೋಣಿಗೆ ಅದಕ್ಕಿಂತಲೂ ಹೆಚ್ಚು. ಆಳವಾದ ಒಂದೇ ಕೀಲಿನ ಮೂವತ್ತನಾಲ್ಕು ಅಡಿಯದು ಅಲೆಯನ್ನು ಸೀಳಿಕೊಂಡು ಹೋಗುವ ಕಡೆ ಇಪ್ಪತ್ತಾರು ಅಡಿಯದು ಪ್ರತಿ ಅಲೆಗೂ ನಮಸ್ಕಾರ ಮಾಡುತ್ತ ನಿಲ್ಲುತ್ತದೆ.

ಸಮುದ್ರದ ವಿಷಯಕ್ಕೆ ದೊಡ್ಡದೇ ಸುರಕ್ಷಿತ ಅನ್ನುವವರಿಗೆ ಚಿಕ್ಕಪ್ಪ 'ಸುಹೈಲಿ'ಯ ಕತೆ ಹೇಳುತ್ತಿದ್ದರು. ಅದು ನಮ್ಮ ಮುಂಬಯಿಯಲ್ಲೇ ತೇಗದಲ್ಲಿ ಕಟ್ಟಿ 1964ರ ಕೊನೆಯಲ್ಲಿ ನೀರಿಗಿಳಿಸಿದ 32 ಅಡಿಯ ದೋಣಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಆಗ ಹಡಗಿನ ಅಧಿಕಾರಿ. ಬರೆದು ತರಿಸಿದ ನಕ್ಷೆ ಒಂದು, ಅಂಚೆಯಲ್ಲಿ ಬಂದದ್ದು ಇನ್ನೊಂದು, ಹಳೇ ಮಾದರಿ. ಸರಿ, ಬಂದದ್ದನ್ನೇ ಕಟ್ಟಿದರು. 1968ರ ಜೂನ್ 14ರಂದು ಅದರಲ್ಲಿ ಒಬ್ಬರೇ ಇಂಗ್ಲೆಂಡಿನ ಫಾಲ್ಮತ್ ಬಿಟ್ಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ, 1969ರ ಏಪ್ರಿಲ್ 22ಕ್ಕೆ ಅಲ್ಲಿಗೇ ಮರಳಿದರು. ಆ ಪಂದ್ಯಕ್ಕೆ ಹೊರಟವರು ಒಂಬತ್ತು ಮಂದಿ, ಮುಗಿಸಿದವರು ಅವರೊಬ್ಬರೇ. ನಾನು ಎದುರಿಗೆ ಅಭಿಲಾಷ್ ಟೋಮಿಯವರನ್ನು ಇಡುತ್ತಿದ್ದೆ. 2012-13ರಲ್ಲಿ ಅವರು ಮುಂಬಯಿಯಿಂದ ಹೊರಟು ನಿಲ್ಲದೆ ಭೂಮಿ ಸುತ್ತಿದ್ದು 56 ಅಡಿಯ 'ಮ್ಹಾದೇಯಿ'ಯಲ್ಲಿ. ಸುಹೈಲಿಯದೇ ಪ್ರತಿರೂಪವಾಗಿ ಗೋವಾದಲ್ಲಿ ಕಟ್ಟಿದ 'ತುರೀಯ'ದಲ್ಲಿ ಹೋದಾಗ 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಕೂವೆ ಮುರಿದು, ಬೆನ್ನುಮೂಳೆಗೆ ಪೆಟ್ಟಾಯಿತು. 'ಆಮೇಲೆ?' ಅನ್ನುತ್ತಿದ್ದರು ಚಿಕ್ಕಪ್ಪ. ಆಮೇಲೆ ಅದೇ ಮನುಷ್ಯ ಮತ್ತೆ ಹೊರಟು, 2023ರ ಏಪ್ರಿಲಿನಲ್ಲಿ 36 ಅಡಿಯ ದೋಣಿಯಲ್ಲಿ ಎರಡನೆಯವರಾಗಿ ಪಂದ್ಯ ಮುಗಿಸಿದರು. ಇಬ್ಬರ ವಾದಕ್ಕೂ ಸಲ್ಲುವ ಸಾಕ್ಷಿ. ಹಾಗಾಗಿ ಯಾರಿಗೂ ಗೆಲುವಿಲ್ಲ.

ಜನವರಿಯ ಒಂದು ಸಂಜೆ ಚಿಕ್ಕಪ್ಪನ ಮೇಜಿನ ಮೇಲೆ ಮೂವತ್ತನಾಲ್ಕು ಅಡಿಯದರ ನಕ್ಷೆ ಬಿದ್ದಿತ್ತು. ಮಲಗುವ ಹಲಗೆಗಳ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದಿದ್ದರು. ಮೂತಿಯ ಕಡೆಯ ಕೋಣೆಯಲ್ಲಿ ಕೆನಡಾದಲ್ಲಿರುವ ಮಗ, ಸೊಸೆ. ಹಿಂದಿನ ಕೋಣೆಯಲ್ಲಿ ತಾವು, ಚಿಕ್ಕಮ್ಮ. ನಡುವಿನ ಬೆಂಚುಗಳಲ್ಲಿ ಒಂದರಲ್ಲಿ ಮೊಮ್ಮಕ್ಕಳಿಬ್ಬರು, ಒಂದರಲ್ಲಿ ನಾನು. ಇಪ್ಪತ್ತಾರರ ನಕ್ಷೆಯೂ ಪಕ್ಕದಲ್ಲಿತ್ತು. ಕಾಗದದ ಲೆಕ್ಕದಲ್ಲಿ ಅದರಲ್ಲೂ ಐವರು ಮಲಗಬಹುದು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

ನಾನು ಅದನ್ನು ನೋಡಿದ್ದು ಅವರಿಗೆ ಗೊತ್ತಾಯಿತು. ಮಾತಾಡಲಿಲ್ಲ. ಮರುದಿನ ಒಂದು ನೋಟ್‌ಬುಕ್ ತೆಗೆದು ಎಲ್ಲರನ್ನೂ ಕೇಳುತ್ತ ಬಂದರು: ವರ್ಷಕ್ಕೆ ಎಷ್ಟು ದಿನ? ಮಗ ಫೋನಿನಲ್ಲಿ, 'ಖಂಡಿತ ಬರ್ತೀವಿ ಅಪ್ಪ, ಮಕ್ಕಳಿಗೆ ಎಷ್ಟು ಖುಷಿಯಾಗತ್ತೆ' ಅಂದ. ಎಷ್ಟು ದಿನ ಅಂತ ಮತ್ತೆ ಕೇಳಿದಾಗ, ಎರಡು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಮೂರು ವಾರ, ಅದರಲ್ಲಿ ಸೊಸೆಯ ತವರು, ಒಂದು ಮದುವೆ, ಒಂದು ದೇವಸ್ಥಾನ ಕಳೆದು ನಾಲ್ಕು ದಿನ ಉಳಿಯಿತು. ಚಿಕ್ಕಮ್ಮ ಈರುಳ್ಳಿ ಹೆಚ್ಚುತ್ತ, 'ನಂಗೆ ಎರಡರಲ್ಲೂ ವಾಂತಿ ಬರೋದು ಒಂದೇ. ಗಂಗೊಳ್ಳಿಗೆ ರೈಲಿನಲ್ಲಿ ಹೋಗಿ ಮೀನು ಸಾರು ಮಾಡಿಟ್ಟು ಕಾಯ್ತೇನೆ' ಅಂದರು. ಸೊನ್ನೆ ಬರೆದುಕೊಂಡರು.

ನನ್ನ ಸರದಿ. ಬಾಯಿಗೆ ಬಂದದ್ದು 'ನೀವು ಕರೆದಾಗೆಲ್ಲ' ಅಂತ. ಆದರೆ ಆ ಕಾಗದದ ಮೇಲೆ ನನ್ನ ಹೆಸರು ಹಲಗೆಯ ಮೇಲಿತ್ತು. ನನ್ನ ಭರವಸೆಯ ಮೇಲೆ ಮನುಷ್ಯ ಮೂರು ಟನ್ ಹೆಚ್ಚು ಕೊಳ್ಳಬಹುದು. ಈ ವರ್ಷ ಹನ್ನೆರಡು ದಿನ, ಪರೀಕ್ಷೆ ಮುಗಿದು ಕೆಲಸ ಬೇರೆ ಊರಿನಲ್ಲಿ ಸಿಕ್ಕರೆ ಮುಂದಿನ ವರ್ಷ ಹೇಳಲಾರೆ ಅಂದೆ. ಅಷ್ಟು ಹೇಳುವುದು ಇಷ್ಟು ಕಷ್ಟ ಅಂತ ತಿಳಿದಿರಲಿಲ್ಲ. ಅವರು ಹನ್ನೆರಡು ಅಂತ ಬರೆದು ಕೆಳಗೆ ಗೆರೆ ಎಳೆದರು.

ಆಮೇಲೆ ಎರಡನ್ನೂ ನಡೆಸಿ ನೋಡಿದೆವು. ದೊಡ್ಡದರಲ್ಲಿ ಮಧ್ಯಾಹ್ನ ಗಾಳಿ ಎದ್ದಾಗ ಹಾಯಿ ಕುಗ್ಗಿಸಲು ನಾನು, ಚಿಕ್ಕಪ್ಪ, ಮಾಲೀಕರ ಸಂಬಳದ ಹುಡುಗರಿಬ್ಬರು ಸೇರಿ ಎಂಟು ಕೈ ಬೇಕಾಯಿತು. ದೋಣಿ ಮಾತ್ರ ರಾಜಠೀವಿಯಲ್ಲಿ ಹೋಯಿತು, ಚಹಾ ಕೂಡ ಚೆಲ್ಲಲಿಲ್ಲ. ಮುಂದಿನ ವಾರ ಚಿಕ್ಕದರಲ್ಲಿ ಹೊರಡುವ ಮುಂಚೆಯೇ ನನಗೆ ಅಪ್ಪಣೆಯಾಯಿತು: 'ನೀನು ಕೈ ಕಟ್ಟಿ ಕೂತ್ಕೊ. ನಾನು ಕಿರುಚಿದ್ರೂ ಮುಟ್ಟಬೇಡ.' ನಾಲ್ಕು ಗಂಟೆ ಹಾಗೇ ಕೂತಿದ್ದೆ. ಅವರು ಚುಕ್ಕಾಣಿ ಕಟ್ಟಿಹಾಕಿ ಕೂವೆಯ ಬುಡಕ್ಕೆ ಹೋದರು, ಮಂಡಿ ಊರಿ ಹಾಯಿ ಇಳಿಸಿದರು, ಕಟ್ಟಿದರು, ಏದುಸಿರು ಬಿಡುತ್ತ ಬಂದು ಕೂತರು. ಎರಡು ಸಲ ಬೈದುಕೊಂಡರು, ಒಂದು ಸಲ ಹಗ್ಗಕ್ಕೆ, ಒಂದು ಸಲ ತಮ್ಮ ಬಲಭುಜಕ್ಕೆ. ನನಗೆ ಮೈಯೆಲ್ಲ ತೊಯ್ದಿತ್ತು, ತಿಂಡಿಯ ಡಬ್ಬಿ ಕ್ಯಾಬಿನ್ನಿನ ಆ ಮೂಲೆಯಿಂದ ಈ ಮೂಲೆಗೆ ಉರುಳಾಡುತ್ತಿತ್ತು.

ಅಷ್ಟಾದರೂ ಅವರು ಬಾಯಿ ಬಿಟ್ಟು ಇದೇ ಅಂತ ಹೇಳಲಿಲ್ಲ. ಹೇಳಿಸಿದ್ದು ಗಂಗೊಳ್ಳಿಯ ಅಳಿವೆ. ಪಂಚಗಂಗಾವಳಿ ಕಡಲು ಸೇರುವ ಆ ಬಾಯಿಯಲ್ಲಿ ಮರಳುದಿಬ್ಬ ಜಾಗ ಬದಲಿಸುತ್ತ ಇರುತ್ತದೆ. ಹುಟ್ಟಿದಾಗಿನಿಂದ ಮೀನು ಹಿಡಿಯುವವರೇ ಅಲ್ಲಿ ಹುಷಾರಾಗಿ ನುಗ್ಗುತ್ತಾರೆ. ಉಬ್ಬರ-ಇಳಿತದ ಅಂತರವೂ ಮುಂಬಯಿಯ ಅರ್ಧದಷ್ಟಿಲ್ಲ, ಅಂದರೆ ನೀರು ಏರಲಿ ಅಂತ ಕಾದರೂ ಹೆಚ್ಚು ಸಿಗುವುದಿಲ್ಲ. ಮೂವತ್ತನಾಲ್ಕು ಅಡಿಯದರ ಕೀಲ್ ಆರು ಅಡಿ ಇಳಿಯುತ್ತದೆ. ಊರಿನ ದೋಸ್ತಿಯೊಬ್ಬರಿಗೆ ಫೋನ್ ಮಾಡಿ ಕೇಳಿದರು. ಆ ಕಡೆಯಿಂದ, 'ಆರಡಿಯಾ? ಹೊರಗೇ ಲಂಗರು ಹಾಕಿ ನಮ್ಮ ದೋಣಿಯಲ್ಲಿ ಬನ್ನಿ, ನೆಂಟರ ಹಾಗೆ' ಅಂತ ನಗು ಕೇಳಿಸಿತು. ಚಿಕ್ಕಪ್ಪ ನಗಲಿಲ್ಲ. ಮಾರನೇ ದಿನ ರೇವದಂಡಾಕ್ಕೆ ಹೋಗಿ ಮುಂಗಡ ಕೊಟ್ಟು ಬಂದರು.

ಮಗನಿಗೆ ಫೋಟೋ ಕಳಿಸಿದಾಗ, 'ದೊಡ್ಡದು ತಗೊಳ್ಬೇಕಿತ್ತು ಅಪ್ಪ, ನಾವೆಲ್ಲ ಬರ್ತಿದ್ವಿ' ಅಂತ ಉತ್ತರ ಬಂತು. ಚಿಕ್ಕಪ್ಪ ಅದಕ್ಕೆ ಒಂದು ಹೆಬ್ಬೆರಳಿನ ಗುರುತು ಕಳಿಸಿದರು. ಮಾರ್ಚ್‌ನಲ್ಲಿ ನನ್ನ ಹನ್ನೆರಡರಲ್ಲಿ ಒಂದು ದಿನ ಕಳೆದದ್ದು ಖಾಡಿಯ ಕೆಸರಿನಲ್ಲಿ. ಬೆಳಗಿನ ಇಳಿತದಲ್ಲಿ ದೋಣಿ ಎರಡು ಕಾಲೂರಿ ನಿಂತಿತು. ಚಿಪ್ಪು ಕೆರೆದು ತೊಳೆದು ಒಣಗುವಷ್ಟರಲ್ಲಿ ಸಮಯ ಆಯಿತು, ಒಂದು ಬದಿಗೆ ಮಾತ್ರ ಬಣ್ಣ ಬಳಿದೆವು, ಆಗಲೇ ನೀರು ಕಣಕಾಲಿಗೆ ಬಂತು. ಇನ್ನೊಂದು ಬದಿಯನ್ನು ಚಿಕ್ಕಪ್ಪ ಮರುದಿನದ ಇಳಿತದಲ್ಲಿ ಒಬ್ಬರೇ ಮುಗಿಸಿದರಂತೆ, ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಬಣ್ಣ ಮಿಕ್ಕಿತಂತೆ.