ಡೇನರ ನಾಡಿನ ಚಳಿಗಾಲವೂ ನಾವು ಕಲಿತ ನಾಲ್ಕು ಮಾತುಗಳೂ

ಯೂರೋಪು ಖಂಡದ ಉತ್ತರಭಾಗದಲ್ಲಿ, ಜರ್ಮನಿಯ ಮೇಲ್ಗಡೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಒಂದು ಪರ್ಯಾಯದ್ವೀಪವೂ, ಅದರ ಮಗ್ಗುಲಿಗೆ ಹರಡಿರುವ ನೂರಾರು ದ್ವೀಪಗಳೂ ಸೇರಿ ಡೆನ್ಮಾರ್ಕ್ ದೇಶವಾಗಿರುವುದು. ಅದರ ರಾಜಧಾನಿಯನ್ನು ನಾವು ಕೋಪನ್‌ಹೇಗನ್ ಎನ್ನುತ್ತೇವೆ. ಅಲ್ಲಿಯವರ ಬಾಯಲ್ಲಿ ಅದು ‘ಕ್ಯೋಬನ್‌ಹಾವ್ನ್’, ಎಂದರೆ ವರ್ತಕರ ಬಂದರು. ಈ ಜನರು ನಮ್ಮ ದೇಶಕ್ಕೆ ತೀರ ಅಪರಿಚಿತರಲ್ಲ. ಕಾವೇರಿಯು ಸಮುದ್ರವನ್ನು ಸೇರುವ ಸೀಮೆಯ ತರಂಗಂಬಾಡಿಯಲ್ಲಿ 1620ರಿಂದ 1845ರವರೆಗೆ ಇವರ ಕೋಟೆಯೂ ವ್ಯಾಪಾರವೂ ಇದ್ದುವು.

ನನ್ನ ಮಗನು ಉದ್ಯೋಗನಿಮಿತ್ತವಾಗಿ ಆ ನಗರದಲ್ಲಿ ಸಂಸಾರ ಹೂಡಿದ್ದಾನೆ. 2023ನೆಯ ಇಸವಿಯ ನವೆಂಬರು ತಿಂಗಳ ಕೊನೆಯಿಂದ ಮುಂದಿನ ಫೆಬ್ರವರಿಯ ಮೂರನೆಯ ವಾರದವರೆಗೆ ನಾನೂ ನನ್ನ ಮನೆಯವರೂ ಅಲ್ಲಿದ್ದೆವು. ಬೇಸಗೆಯನ್ನು ಬಿಟ್ಟು ಇಂಥ ಕಾಲದಲ್ಲಿ ಹೋದುದೇಕೆಂದು ಕೆಲವರು ಕೇಳಿದರು. ಸೊಸೆಗೆ ಡಿಸೆಂಬರಿನಲ್ಲಿ ಎರಡನೆಯ ಹೆರಿಗೆಯಾಗುವುದಿತ್ತು. ಬಾಣಂತನಕ್ಕೆ ಋತುವನ್ನು ಆರಿಸುವುದುಂಟೆ?

ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಅಂಶ ಉತ್ತರಕ್ಕಿದ್ದರೆ, ಕೋಪನ್‌ಹೇಗನ್ ಸುಮಾರು 56 ಅಂಶ ಉತ್ತರಕ್ಕಿದೆ. ಆದಕಾರಣ ಡಿಸೆಂಬರು ತಿಂಗಳ ಕೊನೆಯ ವಾರಗಳಲ್ಲಿ ಅಲ್ಲಿ ಸೂರ್ಯನು ಬೆಳಿಗ್ಗೆ ಎಂಟೂವರೆ ಕಳೆದ ಮೇಲೆ ಹುಟ್ಟಿ, ಮಧ್ಯಾಹ್ನ ಮೂರು ಮುಕ್ಕಾಲಿನೊಳಗೆ ಮುಳುಗುತ್ತಾನೆ. ಹಗಲೆಂಬುದು ಏಳು ಗಂಟೆ. ಆ ಏಳು ಗಂಟೆಯಲ್ಲಿಯೂ ಬೂದಿಬಣ್ಣದ ಮೋಡವು ಮುಚ್ಚಿಕೊಂಡಿರುವುದೇ ಹೆಚ್ಚು. ಚಳಿಯೇನೋ ನಾವು ಹೆದರಿದಷ್ಟಿಲ್ಲ. ಸುತ್ತಲೂ ಸಮುದ್ರವಿರುವುದರಿಂದ ನೀರು ಹೆಪ್ಪುಗಟ್ಟುವ ಮಟ್ಟದ ಆಚೆ ಈಚೆಯೇ ಉಷ್ಣಮಾನವು ತೂಗಾಡುತ್ತದೆ. 1982ರ ಜನವರಿ 8ರಂದು ಸೊನ್ನೆಯ ಕೆಳಗೆ 31 ಡಿಗ್ರಿಗೆ ಇಳಿದುದು ಆ ದೇಶದ ದಾಖಲೆ. ಮನೆಗಳ ಒಳಗಂತೂ ಬೆಚ್ಚಗೇ ಇರುತ್ತದೆ. ನಮ್ಮಲ್ಲಿ ಕೊಳಾಯಿಯ ನೀರು ಬರುವಂತೆ ಅಲ್ಲಿ ಊರ ಹೊರಗಣ ಸ್ಥಾವರಗಳಿಂದ ಬಿಸಿನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಬಂದು ಮನೆಗಳನ್ನು ಕಾಯಿಸುತ್ತದೆ. ದೇಶದ ಮನೆಗಳಲ್ಲಿ ಸುಮಾರು ಮೂರರಲ್ಲೆರಡು ಪಾಲಿಗೆ ಈ ಏರ್ಪಾಡುಂಟು. ಆದುದರಿಂದ ಹೊರಗಿನಿಂದ ಬಂದವರನ್ನು ಕುಗ್ಗಿಸುವುದು ಚಳಿಗಿಂತಲೂ ಕತ್ತಲೆ.

ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸವುಳ್ಳ ನಮಗೆ ಸೂರ್ಯೋದಯಕ್ಕೆ ಮೂರೂವರೆ ಗಂಟೆ ಕಾಯಬೇಕಾಯಿತು. ಕೂಸು ಹುಟ್ಟಿ, ಬಾಣಂತಿಯ ಎಣ್ಣೆನೀರು ಪಥ್ಯಗಳ ಸಡಗರವಿದ್ದಷ್ಟು ದಿವಸ ನನ್ನ ಮನೆಯವರು ಗೆಲುವಾಗಿಯೇ ಇದ್ದರು. ಜನವರಿ ಬರುವ ಹೊತ್ತಿಗೆ ಅವರ ಮಾತು ಕಡಮೆಯಾಯಿತು. ಊಟ ಸೇರದು, ಹಗಲೆಲ್ಲ ನಿದ್ದೆ, ಕಿಟಕಿಯ ಬಳಿಗೂ ಬಾರರು. ಎರಡು ವಾರ ಹೊಸಲು ದಾಟಲಿಲ್ಲ. ಇಂಗ್ಲಿಷೂ ಬಾರದ ಅವರಿಗೆ ನೆರೆಹೊರೆಯೆಂಬುದೇ ಇರಲಿಲ್ಲ. ಮಗನು, “ಅಮ್ಮಾ, ಇದು ಬೆಳಕಿನ ಕೊರತೆಯಿಂದ ಬರುವುದು. ದಿನಕ್ಕೊಮ್ಮೆಯಾದರೂ ಹೊರಗೆ ಹೋಗಿ ಬಾ” ಎಂದನು. ಅದು ಬರಿಯ ಸಮಾಧಾನದ ಮಾತಲ್ಲ. ಚಳಿಗಾಲದಲ್ಲಿ ಬರುವ ಈ ಮಂಕನ್ನು ಅಮೆರಿಕದ ವೈದ್ಯರಾದ ನಾರ್ಮನ್ ರೋಸೆಂಥಾಲರೂ ಅವರ ಸಂಗಡಿಗರೂ 1984ರಲ್ಲಿಯೇ ಒಂದು ವ್ಯಾಧಿಯಾಗಿ ವರ್ಣಿಸಿರುವರು. ಬೆಳಗಿನ ಬೆಳಕೇ ಅದಕ್ಕೆ ಹೇಳುವ ಮುಖ್ಯ ಚಿಕಿತ್ಸೆ.

ಆದರೆ ಅವರನ್ನು ಹೊರಕ್ಕೆ ಎಳೆದುದು ವೈದ್ಯವಲ್ಲ, ಮೊಮ್ಮಗನ ಮೇಲಣ ಕಳವಳ. ಡೇನರಲ್ಲಿ ಹಸುಗೂಸುಗಳನ್ನು ಚಳಿಗಾಲದಲ್ಲಿಯೂ ಹಗಲು ಹೊತ್ತು ಮನೆಯ ಹೊರಗೆ ತಳ್ಳುಗಾಡಿಯಲ್ಲಿ ಮಲಗಿಸುವ ಪದ್ಧತಿಯುಂಟು. ಆ ಗಾಡಿಗೆ ‘ಬಾರ್ನೆವೋನ್’ ಎಂದು ಹೆಸರು. ಹಕ್ಕಿಯ ತುಪ್ಪಳು ತುಂಬಿದ ಹೊದಿಕೆಯಲ್ಲಿ ಮುಖವೊಂದನ್ನು ಬಿಟ್ಟು ಸುತ್ತಿ ಅಂಗಳದಲ್ಲಿ ಬಿಡುತ್ತಾರೆ. ಮಗುವು ಗಾಢವಾಗಿ ನಿದ್ರಿಸುತ್ತದೆ. ಸಾಂಬ್ರಾಣಿ ಹೊಗೆ ಹಾಕಿ ಕದವಿಕ್ಕುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಕಂಡು ಹೇಗಾಗಿರಬೇಡ? ಸೊಸೆಯೊಡನೆ ವಾದಿಸಲು ಮನಸ್ಸಿಲ್ಲ, ಸುಮ್ಮನಿರಲೂ ಆಗದು. ಕಡೆಗೆ ತಾವೇ ಎರಡು ಶಾಲು ಹೊದ್ದು, ಗಾಡಿಯ ಪಕ್ಕದಲ್ಲಿ ಕಾವಲು ನಿಂತರು. ನಿಂತು ನಿಂತು ಬೇಸತ್ತು, ಗಾಡಿಯನ್ನು ನೂಕಿಕೊಂಡು ನಡೆಯತೊಡಗಿದರು. ಹೀಗೆ ದಿನವೂ ನಡುಹಗಲಿನಲ್ಲಿ ಒಂದು ಗಂಟೆಯ ಸಂಚಾರವು ನಿಯಮವಾಯಿತು. ನಾನೂ ಜೊತೆಗೆ ಹೋಗುತ್ತಿದ್ದೆನು.

ಎದುರಾದವರಿಗೆ ಏನಾದರೂ ಹೇಳಬೇಕಲ್ಲವೆ? ಮಾತು ಕಲಿಯುವ ಪ್ರಯತ್ನವು ಇಲ್ಲಿಂದ ಪ್ರಾರಂಭವಾಯಿತು. ನಾಲ್ಕು ವರ್ಷದ ಮೊಮ್ಮಗಳೇ ನಮ್ಮ ಉಪಾಧ್ಯಾಯಿನಿ. ಮೊದಲಿನ ಪಾಠ ‘ಟಾಕ್’, ಎಂದರೆ ಉಪಕಾರವಾಯಿತು ಎಂದು. ಇಂಗ್ಲಿಷಿನಲ್ಲಿ ಬೇಡುವಾಗ ಹೇಳುವ ‘ಪ್ಲೀಸ್’ ಎಂಬುದಕ್ಕೆ ಸರಿಸಮನಾದ ಒಂದೇ ಪದವು ಡೇನಿಷಿನಲ್ಲಿಲ್ಲ. ಬೇಕಾದುದರ ಹೆಸರು ಹೇಳಿ ‘ಟಾಕ್’ ಎಂದರೆ ತೀರಿತು. ಉಂಡವರು ಬಡಿಸಿದವರಿಗೆ ‘ಟಾಕ್ ಫಾರ್ ಮಾಡ್’ ಎನ್ನಬೇಕು. ‘ಮಾಡ್’ ಎಂದರೆ ಊಟ. ಅದಕ್ಕೆ ಪ್ರತಿಯಾಗಿ ‘ವೆಲ್‌ಬೆಕೊಮ್ಮೆ’, ಅಂದರೆ ಉಂಡುದು ಮೈಗೆ ಹತ್ತಲಿ ಎಂಬರ್ಥದ ಮಾತು. ನಲವತ್ತು ವರ್ಷ ಅಡುಗೆ ಮಾಡಿ ಬಡಿಸಿದವರಿಗೆ ಈ ಮರ್ಯಾದೆಯು ಬಹಳ ಹಿಡಿಸಿತೆಂದು ಹೇಳಬೇಕಾಗಿಲ್ಲ.

ಒಂದು ದಿನ ನೆರೆಮನೆಯ ವೃದ್ಧೆಯೊಬ್ಬಳು ಗಾಡಿಯೊಳಕ್ಕೆ ಬಗ್ಗಿ ನೋಡಿ, ‘ಸ್ಯೋದ್, ಸ್ಯೋದ್’ ಎಂದಳು. ಮುದ್ದಾಗಿದೆ ಎಂದು ಭಾವ, ಸಿಹಿಯೆಂದು ಮೂಲಾರ್ಥ. ನಮ್ಮ ಸಂಸ್ಕೃತದ ‘ಸ್ವಾದು’ ಶಬ್ದಕ್ಕೆ ಇದು ಒಡಹುಟ್ಟು. ಇದನ್ನು ವಿವರಿಸಿದಾಗ ಮನೆಯವರು, “ಹಾಗಾದರೆ ದೃಷ್ಟಿಯಾಗುವ ಮಾತೇನಲ್ಲವಲ್ಲ” ಎಂದು ನಕ್ಕರು. ತಿಂಗಳಲ್ಲಿ ಅವರು ನಕ್ಕುದನ್ನು ನಾನು ಕಂಡುದು ಅದೇ ಮೊದಲು. ಮರುದಿನದಿಂದ ಆ ವೃದ್ಧೆಯೂ ಸಂಚಾರಕ್ಕೆ ಜೊತೆಯಾದಳು.

ಸಂಸ್ಕೃತವನ್ನು ಓದಿದವರಿಗೆ ಈ ಭಾಷೆಯಲ್ಲಿ ಇಂಥ ನೆಂಟರು ಹೆಜ್ಜೆಹೆಜ್ಜೆಗೂ ಸಿಕ್ಕುವರು. ರಾತ್ರಿಗೆ ‘ನಾಟ್’, ನಮ್ಮ ನಕ್ತ. ಬಾಗಿಲಿಗೆ ‘ದೋರ್’, ನಮ್ಮ ದ್ವಾರ. ಹೆಸರಿಗೆ ‘ನಾವ್ನ್’, ನಮ್ಮ ನಾಮ. ಈ ಸಂಬಂಧಗಳನ್ನು ನಿಯಮಬದ್ಧವಾಗಿ ಅರಸಿದವರಲ್ಲಿ ಅಗ್ರಗಣ್ಯನೂ ಒಬ್ಬ ಡೇನನೇ. ರಾಸ್ಮುಸ್ ರಾಸ್ಕ್ ಎಂಬ ಆ ಪಂಡಿತನು 1818ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಪಕಾರವು ತನ್ನ ನಾಡಿನ ಕಡೆಯ ಭಾಷೆಗಳಲ್ಲಿ ಫಕಾರವಾಗುವ ಕ್ರಮವನ್ನು ತೋರಿಸಿದನು. ಸಂಸ್ಕೃತದ ‘ಪಿತೃ’ವು ಅಲ್ಲಿ ‘ಫಾದರ್’ ಆದುದು ಈ ಕ್ರಮದಿಂದಲೇ. ಅನಂತರ ಅವನು ನಮ್ಮ ದೇಶಕ್ಕೂ ಸಿಂಹಳಕ್ಕೂ ಬಂದು, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು.

ನೆಂಟಸ್ತಿಕೆಯ ಪದಗಳಂತೂ ಗೃಹಸ್ಥರಿಗೆ ಸಂತೋಷ ಕೊಡುವಂಥವು. ಇಂಗ್ಲಿಷಿನಲ್ಲಿ ಒಂದೇ ಪದದಿಂದ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರನ್ನೂ ಕರೆದುಬಿಡುತ್ತಾರೆ. ಡೇನರು ತಂದೆಯ ಸೋದರಿಗೆ ‘ಫಾಸ್ಟರ್’ ಎಂದೂ ತಾಯಿಯ ಸೋದರಿಗೆ ‘ಮೋಸ್ಟರ್’ ಎಂದೂ ಬೇರೆ ಬೇರೆ ಹೇಳುವರು. ಸಂಸ್ಕೃತದ ಪಿತೃಷ್ವಸೃ, ಮಾತೃಷ್ವಸೃ ಎಂಬ ಸಮಾಸಗಳ ಕಟ್ಟಡವೇ ಇಲ್ಲಿಯೂ ಉಂಟು. ಅಜ್ಜ ಅಜ್ಜಿಯರ ವಿಷಯದಲ್ಲಿ ಅವರು ನಮಗಿಂತ ಒಂದು ಕೈ ಮೇಲು. ತಂದೆಯ ತಂದೆ ‘ಫಾರ್‌ಫಾರ್’, ತಂದೆಯ ತಾಯಿ ‘ಫಾರ್‌ಮೋರ್’. ಮೊಮ್ಮಗಳು ಶಿಶುವಿಹಾರದಲ್ಲಿ ನಮ್ಮನ್ನು ಹೀಗೆ ಪರಿಚಯ ಮಾಡಿಸಿ, ಮನೆಗೆ ಬಂದೊಡನೆ ‘ಅಜ್ಜ, ಅಜ್ಜಿ’ ಎನ್ನುತ್ತಿದ್ದಳು. ನಾವು ಹೋದ ಹೊಸದರಲ್ಲಿ ಅವಳು ಕನ್ನಡದಲ್ಲಿ ಕೇಳಿದುದಕ್ಕೆ ಡೇನಿಷಿನಲ್ಲಿಯೇ ಉತ್ತರ ಕೊಡುತ್ತಿದ್ದಳು. ನಾವು ಅವಳ ಶಿಷ್ಯರಾದ ಮೇಲೆ, ಪ್ರತಿಯೊಂದು ಪದಕ್ಕೂ ಅರ್ಥವನ್ನು ಕನ್ನಡದಲ್ಲಿ ಹೇಳಬೇಕಾದ ಹೊಣೆ ಅವಳ ಮೇಲೆ ಬಿತ್ತು. ಹೀಗೆ ನಮ್ಮ ಡೇನಿಷಿಗಿಂತ ಅವಳ ಕನ್ನಡವೇ ಹೆಚ್ಚು ಬೆಳೆಯಿತು.

ಕಠಿನವಾದುದು ಸಂಖ್ಯೆ. ರೊಟ್ಟಿಯಂಗಡಿಯವನು ಐವತ್ತೆರಡು ಕ್ರೋನರ್ ಕೇಳುವಾಗ ‘ಎರಡು ಮತ್ತು ಐವತ್ತು’ ಎಂದು ತಿರುಗಿಸಿ ಹೇಳುವನು. ನಮ್ಮ ‘ದ್ವಿಪಂಚಾಶತ್’ ಸಹ ಇದೇ ಕ್ರಮ. ಆದರೆ ಅವರ ಐವತ್ತಾದರೂ ಎಂಥದು! ‘ಹಲ್‌ಟ್ರೆಸ್’ ಎಂಬುದರ ಪೂರ್ಣರೂಪವನ್ನು ಬಿಡಿಸಿದರೆ, ‘ಅರೆ ಮೂರನೆಯದು ಗುಣಿಸು ಇಪ್ಪತ್ತು’ ಎಂದಾಗುತ್ತದೆ. ಅರೆ ಮೂರನೆಯದು ಎಂದರೆ ಎರಡೂವರೆ. ಇದು ಅನೇಕ ಪರದೇಶಿಗಳಿಗೆ ತಲೆನೋವು. ಸಂಸ್ಕೃತದ ‘ಅರ್ಧತೃತೀಯ’ವೂ ಎರಡೂವರೆಯೇ ಆದ್ದರಿಂದ ನನಗೆ ಅರ್ಧ ಪಾಠ ಮೊದಲೇ ಬಂದಿದ್ದಂತಾಯಿತು.

ಇನ್ನೊಂದು ಪದವನ್ನು ಹೇಳಿ ಮುಗಿಸುವೆನು. ‘ಲ್ಯೂಸ್’ ಎಂದರೆ ಬೆಳಕು. ಮೇಣದ ಬತ್ತಿಗೂ ಅದೇ ಹೆಸರು. ಸಂಜೆ ನಾಲ್ಕಾಗುತ್ತಲೇ ಮನೆಮನೆಯ ಕಿಟಕಿಗಳಲ್ಲಿಯೂ ಮೇಜುಗಳ ಮೇಲೆಯೂ ಬತ್ತಿಗಳು ಉರಿಯತೊಡಗುತ್ತವೆ. ಡಿಸೆಂಬರಿನಲ್ಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ಗುರುತು ಹಾಕಿದ ಬತ್ತಿಯೊಂದನ್ನು ದಿನಕ್ಕೊಂದು ಗುರುತಿನಷ್ಟು ಉರಿಸಿ, ಕ್ರಿಸ್ತಜಯಂತಿಯ ಮುನ್ನಾದಿನದ ಹಬ್ಬಕ್ಕೆ ಮಕ್ಕಳು ಕಾಯುತ್ತಾರೆ. 1940ರ ಏಪ್ರಿಲ್ 9ರಂದು ಜರ್ಮನರು ಆ ದೇಶವನ್ನು ಆಕ್ರಮಿಸಿದ ಮೇಲೆ ಐದು ವರ್ಷ ಕಿಟಕಿಗಳಿಗೆ ಕಪ್ಪು ಪರದೆ ಕಟ್ಟಬೇಕಾಗಿತ್ತು. 1945ರ ಮೇ 4ರ ಸಂಜೆ ಬಿಡುಗಡೆಯ ವಾರ್ತೆಯು ರೇಡಿಯೋದಲ್ಲಿ ಬಂದಿತು. ಅದರ ಸ್ಮರಣಾರ್ಥವಾಗಿ ಇಂದಿಗೂ ಆ ಸಂಜೆ ಅನೇಕರು ಕಿಟಕಿಯಲ್ಲಿ ಬತ್ತಿ ಹಚ್ಚಿಡುತ್ತಾರೆ. ಕಾರ್ತಿಕಮಾಸದಲ್ಲಿ ಹೊಸಲಿಗೆ ದೀಪವಿಡುವ ನಮಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫೆಬ್ರವರಿಯಲ್ಲಿ ಹಗಲು ದಿನೇದಿನೇ ನಾಲ್ಕೈದು ನಿಮಿಷ ಬೆಳೆಯಿತು. ಬರಿದಾದ ಮರಗಳ ಬುಡದಲ್ಲಿ ‘ವಿಂಟರ್‌ಗೆಕ್’ ಎಂಬ ಬಿಳಿಯ ಹೂಗಳು ತಲೆಯೆತ್ತಿದುವು. ನಾವು ಹೊರಡುವ ದಿನ ಆ ನೆರೆಮನೆಯ ವೃದ್ಧೆಯು ಬಂದು ನನ್ನ ಮನೆಯವರ ಕೈ ಹಿಡಿದುಕೊಂಡಳು. ಇವರು ಅರ್ಧ ಕನ್ನಡದಲ್ಲಿಯೂ ಅರ್ಧ ಡೇನಿಷಿನಲ್ಲಿಯೂ ಮೊಮ್ಮಕ್ಕಳನ್ನು ಆಕೆಗೆ ಒಪ್ಪಿಸಿದರು. ಆಕೆ ತಲೆದೂಗಿದಳು.

ಈಗ ಮಕ್ಕಳ ಮನೆಗೆಂದು ದೂರದೇಶಕ್ಕೆ ಹೋಗುವ ತಾಯಿತಂದೆಗಳು ನಮ್ಮಲ್ಲಿ ಬಹಳ ಮಂದಿ. ಅವರು ಮೆಣಸಿನಪುಡಿ, ಉಪ್ಪಿನಕಾಯಿಗಳನ್ನು ಕಟ್ಟಿಕೊಳ್ಳುವಾಗಲೇ ಆ ನಾಡಿನ ಇಪ್ಪತ್ತು ಮಾತುಗಳನ್ನೂ ಕಲಿತು ಹೊರಡುವುದು ಒಳ್ಳೆಯದು. ಚಳಿಗೆ ಉಣ್ಣೆಯ ಬಟ್ಟೆಯನ್ನು ಮಕ್ಕಳು ಕೊಂಡು ತಂದಾರು. ನೆರೆಯವರೊಡನೆ ಮಾತಾಡುವ ಕೆಲಸವನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು.