ನೋವೆಂಬ ಕಾವಲುಗಾರ

ನೋವಿಲ್ಲದ ದೇಹವನ್ನು ಬಯಸದವರು ಯಾರು? ಆದರೆ ನೋವನ್ನೇ ಅರಿಯದ ಅಂಗವು ವರವಲ್ಲವೆಂಬುದನ್ನು ನಾನು ತಿಳಿದುದು ಗುಲ್ವಾಡಿಯ ನಮ್ಮ ಮನೆಯಲ್ಲಿ. ದೊಡ್ಡಪ್ಪಯ್ಯನವರಿಗೆ ಬಹುಕಾಲದಿಂದ ಮಧುಮೇಹವಿದ್ದಿತು. ಒಂದು ಮಳೆಗಾಲದಲ್ಲಿ ಅವರು ಗದ್ದೆಯಿಂದ ಬಂದು ಜಗಲಿಯಲ್ಲಿ ಕುಳಿತಾಗ, ಅಂಗಳದುದ್ದಕ್ಕೂ ರಕ್ತದ ಹೆಜ್ಜೆಗಳನ್ನು ಕಂಡು ದೊಡ್ಡಮ್ಮ ಬೆಚ್ಚಿದರು. ಅಂಗಾಲಿನಲ್ಲಿ ಗಾಜಿನ ಚೂರು ನೆಟ್ಟಿದ್ದಿತು! "ನಂಗೆ ಗೊತ್ತೇ ಆಯ್ಲಿಲ್ಲ ಕಾಣ್" ಎಂದರು ಅವರು. ಗಾಯವು ಮಾಯಲು ತಿಂಗಳುಗಳೇ ಹಿಡಿದುವು. ಒಂದು ಬೆರಳು ಉಳಿಯಲಿಲ್ಲ.

ನಮ್ಮ ಚರ್ಮದಲ್ಲೆಲ್ಲ ನರಗಳ ಸೂಕ್ಷ್ಮವಾದ ತುದಿಗಳು ಹರಡಿರುವುವು. ಮುಳ್ಳು ಚುಚ್ಚಿದೊಡನೆ ಅವು ಎರಡು ದೂತರನ್ನು ಕಳುಹಿಸುವುವು. ಮೊದಲನೆಯವನು ಸೆಕೆಂಡಿಗೆ 5 ರಿಂದ 30 ಮೀಟರ್ ವೇಗದಿಂದ ಓಡಿ 'ಚುರಕ್' ಎನ್ನಿಸುವನು. ಎರಡನೆಯವನು ಸೆಕೆಂಡಿಗೆ ಸುಮಾರು 1 ಮೀಟರಿನಂತೆ ನಿಧಾನವಾಗಿ ಬಂದು ಬಹುಹೊತ್ತು ನೋಯಿಸುವನು. ಮೆಣಸು ಅರೆದ ಗೃಹಿಣಿಯ ಅಂಗೈ ಬೆಂಕಿಯಿಲ್ಲದೆಯೇ ಉರಿಯುವುದೇಕೆ? ಬಿಸಿಯನ್ನು ಅರಿಯುವ ಬಾಗಿಲನ್ನೇ ಮೆಣಸಿನ ಖಾರವೂ ತೆರೆಯುವುದರಿಂದ. ಇದನ್ನು 1997 ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಎಂಬವರಿಗೆ 2021 ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಈ ದೂತರ ಕೂಗು ಯಾವಾಗಲೂ ಒಂದೇ ಸಮನಲ್ಲ. ಗಾಯವಾದೆಡೆಯಲ್ಲಿ ಪ್ರೊಸ್ಟಾಗ್ಲಾಂಡಿನ್ ಮೊದಲಾದ ದ್ರವ್ಯಗಳು ಹುಟ್ಟಿ ನರದ ತುದಿಗಳನ್ನು ಕೆರಳಿಸುವುವು. ಆದುದರಿಂದಲೇ ಬಾತ ಬೆರಳಿಗೆ ಬಟ್ಟೆ ಸೋಕಿದರೂ ಪ್ರಾಣಸಂಕಟ. ಆಸ್ಪಿರಿನ್ ಮಾತ್ರೆಯು ಆ ದ್ರವ್ಯದ ಉತ್ಪತ್ತಿಯನ್ನು ತಡೆಯುವುದೆಂದು ಜಾನ್ ವೇನ್ 1971 ರಲ್ಲಿ ತೋರಿಸಿದರು. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜಿದರೆ ಅಳು ತಗ್ಗುವುದಷ್ಟೆ; ಸ್ಪರ್ಶದ ನರಗಳು ಬೆನ್ನುಹುರಿಯಲ್ಲಿ ನೋವಿನ ದಾರಿಗೆ ಕದವಿಕ್ಕುವುವೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು 1965 ರಲ್ಲಿ ಇದಕ್ಕೆ ವಿವರಣೆಯನ್ನು ಕೊಟ್ಟರು.

ಕಾವಲುಗಾರನೇ ಇಲ್ಲವಾದರೆ ಏನಾಗುವುದೆಂಬುದಕ್ಕೆ ಕುಷ್ಠರೋಗವೇ ಸಾಕ್ಷಿ. ನಮ್ಮ ಜಿಲ್ಲೆಯ ನೆರೆಯ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1890 ರಲ್ಲಿಯೇ ಈ ರೋಗಿಗಳಿಗೆ ಆಶ್ರಯವನ್ನು ಕಲ್ಪಿಸಿದ್ದರು. ಬೆರಳುಗಳು ರೋಗದಿಂದಲೇ ಉದುರುವುವೆಂದು ಜನರು ನಂಬಿದ್ದರು. 1946 ರಲ್ಲಿ ವೆಲ್ಲೂರಿಗೆ ಬಂದ ಡಾಕ್ಟರ್ ಪಾಲ್ ಬ್ರಾಂಡ್ ಅವರು, ನರಗಳು ಸತ್ತು ನೋವು ತಿಳಿಯದಿರುವಾಗ ಆಗುವ ಸುಟ್ಟಗಾಯ, ಹುಣ್ಣುಗಳೇ ಬೆರಳನ್ನು ತಿನ್ನುವುವೆಂದು ತೋರಿಸಿಕೊಟ್ಟರು. ಮಧುಮೇಹವೂ ಸಾಮಾನ್ಯವಾಗಿ ಅತ್ಯಂತ ಉದ್ದವಾದ ನರಗಳನ್ನು, ಎಂದರೆ ಪಾದದ ನರಗಳನ್ನು, ಮೊದಲು ಕೆಡಿಸುವುದು.

ಆದುದರಿಂದ ಮನೆಯಲ್ಲಿ ಮಧುಮೇಹಿಗಳಿದ್ದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಪ್ರತಿದಿನ ರಾತ್ರಿ ದೀಪದ ಬೆಳಕಿನಲ್ಲಿ ಅವರ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿರಿ. ಬರಿಗಾಲಿನಲ್ಲಿ ನಡೆಯಗೊಡದಿರಿ. ಸ್ನಾನದ ನೀರಿನ ಬಿಸಿಯನ್ನು ಬೇರೆಯವರು ಕೈಯಿಟ್ಟು ನೋಡಿದ ಮೇಲೆಯೇ ಹೊಯ್ಯಿರಿ. ಸಣ್ಣ ಹುಣ್ಣಾದರೂ ವೈದ್ಯರಿಗೆ ತೋರಿಸಲು ತಡಮಾಡದಿರಿ. ನರವು ಮೌನವಾದ ಮನೆಯಲ್ಲಿ ಮನೆಯವರ ಕಣ್ಣೇ ನರವಾಗಬೇಕು.